ಪಿಯುಸಿ ಮುಗಿಯಿತು, ಊರು ಮಡಿಕೇರಿ. ನಟನೆಗೆ ಇಳಿಯಲು ಎಲ್ಲಿಂದ ಶುರು ಮಾಡಲಿ?

ಮೊದಲು ರಂಗಭೂಮಿ. ಸಾಗರದ ಹತ್ತಿರದ ಹೆಗ್ಗೋಡಿನ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ನಿಮಗೆ ಹತ್ತಿರವೆಂದರೆ ಮೈಸೂರಿನ ರಂಗಾಯಣ. ಎರಡಕ್ಕೂ ಸಂದರ್ಶನವಿರುತ್ತದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಪದವಿ ಬೇಕು, ನಾಟಕದ ಅನುಭವವನ್ನೂ ಕೇಳುತ್ತಾರೆ. ಹಾಗಾಗಿ ಡಿಗ್ರಿ ಬಿಟ್ಟು ಹೊರಡಬೇಡಿ.

ಮನೆಯಲ್ಲಿ ಕೊಡವ ತಕ್ಕ್ ಆಡುವವರಾದರೆ ಮಹಾಪ್ರಾಣ ಜಾರಬಹುದು: 'ಭಯ' ಹೋಗಿ 'ಬಯ' ಆಗುತ್ತದೆ. ದಿನಾ ಕಾಲು ಗಂಟೆ ಪೇಪರ್ ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕೇಳಿ. ಊರಿನ ಧಾಟಿಯನ್ನು ಪೂರ್ತಿ ಅಳಿಸಬೇಡಿ, ಕೆಲವು ಪಾತ್ರಗಳಿಗೆ ಅದೇ ಬಂಡವಾಳ.

ಸೀರಿಯಲ್‌ ಆಡಿಷನ್‌ಗೆ ಈಗ ಮೊದಲು ವಿಡಿಯೊ ಕೇಳುವುದೇ ಹೆಚ್ಚು. ಫೋನ್ ಅಡ್ಡ ಹಿಡಿದು ಕಣ್ಣಿನ ಎತ್ತರಕ್ಕೆ ನಿಲ್ಲಿಸಿ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನಿಗಿದ್ದರೆ ಮುಖ ಕಪ್ಪಾಗುತ್ತದೆ. ಹೆಸರು, ವಯಸ್ಸು, ಎತ್ತರ, ಗೊತ್ತಿರುವ ಭಾಷೆ ಹೇಳಿ, ಒಂದು ನಿಮಿಷದ ಸಂಭಾಷಣೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ಶೂಟ್ ಮಾಡಲೇಬೇಡಿ, ಮಳೆಯ ಸದ್ದಿಗೆ ಮಾತು ಮುಳುಗುತ್ತದೆ. ಹಾಸಿಗೆ, ಪರದೆ ಇರುವ ಕೋಣೆ ಒಳ್ಳೆಯದು, ಪ್ರತಿಧ್ವನಿ ಕಡಿಮೆ.

ಪಾತ್ರ ಕೊಡಲು 'ನೋಂದಣಿ ಶುಲ್ಕ' ಕೇಳಿದರೆ ಅಲ್ಲಿಗೇ ಬಿಡಿ. ನಟನಿಗೆ ದುಡ್ಡು ಬರಬೇಕೇ ಹೊರತು ಹೋಗಬಾರದು.