ಬೆಲ್ಲದವನು ಮಂತ್ರಿ ಆಗಲ್ಲ, ಸಕ್ಕರೆಯವನು ಆಗ್ತಾನೆ

ನಿಮ್ಮ ಪ್ರಶ್ನೆ: "ಊರಲ್ಲಿ ಹಾಲಿನ ವ್ಯಾಪಾರ, ಗೊಬ್ಬರದ ಅಂಗಡಿ ಎರಡೂ ಇದೆ. ಇಲ್ಲಿಂದ ಶುರುಮಾಡಿ ದೆಹಲಿ ಮಟ್ಟದ ನಾಯಕ ಆದವರು ಇದ್ದಾರಾ? ದುಡ್ಡು ಎಷ್ಟು ಬೇಕು?"

ನಾನು ಅಥಣಿ ಕಡೆಯವನು. ಇಪ್ಪತ್ತೆರಡು ವರ್ಷದಿಂದ ಪುಣೆಯ ಗುಲ್‌ಟೇಕಡಿ ಮಾರ್ಕೆಟ್ ಯಾರ್ಡ್‌ನಲ್ಲಿ ಬೆಲ್ಲದ ಅಡತಿ ಅಂಗಡಿ ನಡೆಸ್ತಿದ್ದೇನೆ. ರಾಜಕೀಯ ಮಾಡಿಲ್ಲ. ಆದರೆ ರಾಜಕೀಯ ಮಾಡುವವರ ಕಬ್ಬು, ಬೆಲ್ಲ, ಸಿಟ್ಟು, ಮೂರನ್ನೂ ಹತ್ತಿರದಿಂದ ನೋಡಿದ್ದೇನೆ.

ದುಡ್ಡಿನ ಲೆಕ್ಕ ಬಿಡಿ. ನನ್ನ ಪಕ್ಕದ ಸಾಲಿನಲ್ಲೇ ಕೋಟಿ ಎಣಿಸುವ ವ್ಯಾಪಾರಿಗಳಿದ್ದಾರೆ, ಅವರ ಹೆಸರು ಯಾರ್ಡ್ ಗೇಟ್ ದಾಟಿದರೆ ಯಾರಿಗೂ ಗೊತ್ತಿಲ್ಲ. ಆದರೆ ಸಕ್ಕರೆ ಕಾರ್ಖಾನೆಯ ಚೇರ್ಮನ್ ಯಾರು ಅಂತ ಐವತ್ತು ಹಳ್ಳಿಯ ಮಕ್ಕಳಿಗೂ ಗೊತ್ತು. ಎರಡೂ ಒಂದೇ ಕಬ್ಬಿನಿಂದ ಬಂದಿದ್ದು, ಅಲ್ವಾ? ಹಾಗಾದರೆ ಬೆಲ್ಲದವನು ಯಾಕೆ ಮೇಲೆ ಹೋಗಲ್ಲ?

ಬೆಲ್ಲಕ್ಕೆ ಯಾರ ಹಂಗೂ ಇಲ್ಲ. ಗಾಣ ಇದ್ದರೆ ಅರೆಯಿರಿ, ಕುದಿಸಿ, ಪೆಂಟಿ ಕಟ್ಟಿ ಲಾರಿಗೆ ಹಾಕಿ. ರೇಟು ಬೆಳಿಗ್ಗೆ ನಮ್ಮ ಯಾರ್ಡ್‌ನಲ್ಲೇ ಗೊತ್ತಾಗುತ್ತೆ. ಸಕ್ಕರೆ ಹಾಗಲ್ಲ. ಕಬ್ಬಿಗೆ ಕನಿಷ್ಠ ಬೆಲೆ ಎಷ್ಟು ಅಂತ ಹೇಳೋದು ಕೇಂದ್ರ ಸರ್ಕಾರ. ರಫ್ತು ಬಿಡಬೇಕಾ ಬೇಡವಾ ಅನ್ನೋದೂ ಅಲ್ಲೇ. 1998ರವರೆಗೆ ಕಾರ್ಖಾನೆ ಹಾಕೋಕೆ ಲೈಸೆನ್ಸೂ ದೆಹಲಿಯಿಂದಲೇ ಬರಬೇಕಿತ್ತು. ಹೀಗಾಗಿ ಸಕ್ಕರೆಯವನು ಆಸೆ ಇರಲಿ ಬಿಡಲಿ, ಫೈಲು ಹಿಡಿದು ದೆಹಲಿ ಮೆಟ್ಟಿಲು ಹತ್ತಲೇಬೇಕು. ಹತ್ತಿ ಹತ್ತಿ ಕೆಲವರು ಅಲ್ಲೇ ಕುರ್ಚಿ ಹಾಕಿಕೊಂಡರು.

ಊರಿನ ಕಡೆಯ ಹಿಡಿತ ಬೇರೆ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ತೂಕವೂ ಹೋಗುತ್ತೆ, ಸಕ್ಕರೆ ಅಂಶವೂ ಇಳಿಯುತ್ತೆ. ಯಾರ ಹೊಲಕ್ಕೆ ಕಟಾವಿನ ಗ್ಯಾಂಗ್ ಯಾವಾಗ ಬರುತ್ತೆ ಅನ್ನೋದು ಕಾರ್ಖಾನೆಯ ಕೈಲಿ. ನಮ್ಮ ಕಾಕಾ ಒಂದು ವರ್ಷ ಕಾರ್ಖಾನೆಯ ಚುನಾವಣೆಯಲ್ಲಿ ಚೇರ್ಮನ್‌ಗೆ ಎದುರು ನಿಂತ ಪ್ಯಾನೆಲ್ ಪರ ಓಡಾಡಿದರು. ಡಿಸೆಂಬರ್‌ನಲ್ಲಿ ಬರಬೇಕಿದ್ದ ಗ್ಯಾಂಗ್ ಮಾರ್ಚ್ ಬಂದರೂ ಬರಲಿಲ್ಲ. ಅಕ್ಕಪಕ್ಕದ ಹೊಲ ಖಾಲಿ, ಇವರ ಮೂರು ಎಕರೆ ಮಾತ್ರ ಹೂವು ಬಿಟ್ಟು ನಿಂತಿತ್ತು. ಕಾರ್ಖಾನೆಯ ಫೀಲ್ಡ್‌ಮನ್ ಬೈಕ್ ನಿಲ್ಲಿಸಿ "ಪಾಳಿ ಬರ್ತದ ಕಾಕಾ, ತಡೀರಿ" ಅಂತಿದ್ದ, ಅಷ್ಟೇ. ಬೇಕಂತಲೇ ಮಾಡಿದರು ಅಂತ ಕಾಕಾನ ಗುಮಾನಿ, ಸಾಬೀತು ಮಾಡೋದು ಹೇಗೆ? ಕೊನೆಗೆ ತಾವೇ ಆಳು ಹಚ್ಚಿ ಕಡಿಸಿ, ಗಾಣದಲ್ಲಿ ಬೆಲ್ಲ ಮಾಡಿಸಿ ನನ್ನ ಅಂಗಡಿಗೆ ಕಳಿಸಿದರು. ಪೆಂಟಿ ಒಡೆದು ನೋಡಿದೆ: ಕಪ್ಪಗೆ, ಮೆತ್ತಗೆ, ಬೆರಳಿಗೆ ಅಂಟುವ ಬೆಲ್ಲ. ರೇಟು ಹೇಳೋಕೆ ನನಗೇ ನಾಚಿಕೆಯಾಯ್ತು. ಮುಂದಿನ ಚುನಾವಣೆಯಲ್ಲಿ ಕಾಕಾ ಯಾರಿಗೆ ವೋಟು ಹಾಕಿದರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಹೆಸರುಗಳು. ಮಹಾರಾಷ್ಟ್ರದ ಅಹ್ಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಲೋಣಿಯ ವಿಠ್ಠಲರಾವ್ ವಿಖೆ ಪಾಟೀಲ್ ಹೆಚ್ಚು ಓದಿದವರಲ್ಲ. ರೈತರಿಂದ ಷೇರು ಕೂಡಿಸಿ 1950ರಲ್ಲಿ ಪ್ರವರಾ ಸಹಕಾರಿ ಸಕ್ಕರೆ ಕಾರ್ಖಾನೆ ನಡೆಸಿ ತೋರಿಸಿದರು. ಜೊತೆಗಿದ್ದವರು ನಮ್ಮ ಪುಣೆಯ ಗೋಖಲೆ ಇನ್ಸ್ಟಿಟ್ಯೂಟಿನ ಅರ್ಥಶಾಸ್ತ್ರಜ್ಞ ಧನಂಜಯರಾವ್ ಗಾಡ್ಗೀಳ್. ಗಮನಿಸಿ, ದೆಹಲಿಗೆ ಹೋದವರು ವಿಠ್ಠಲರಾವ್ ಅಲ್ಲ, ಅವರ ಮಗ ಬಾಳಾಸಾಹೇಬ್. ಮತ್ತೆ ಮತ್ತೆ ಲೋಕಸಭೆಗೆ ಗೆದ್ದು ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಅಂದರೆ ಒಂದು ತಲೆಮಾರು ಕಾರ್ಖಾನೆಗೇ ಹೋಯ್ತು.

ಸಾಂಗ್ಲಿಯ ವಸಂತದಾದಾ ಪಾಟೀಲ್ ಇನ್ನೊಂದು ಥರ. ಸ್ವಾತಂತ್ರ್ಯ ಹೋರಾಟದಲ್ಲಿ 1943ರಲ್ಲಿ ಸಾಂಗ್ಲಿ ಜೈಲಿನಿಂದ ತಪ್ಪಿಸಿಕೊಂಡವರು, ಆಮೇಲೆ ಸಕ್ಕರೆ ಕಾರ್ಖಾನೆ ಕಟ್ಟಿದರು, ಮಹಾರಾಷ್ಟ್ರದ ಮುಖ್ಯಮಂತ್ರಿ ಆದರು. 1978ರಲ್ಲಿ ಅವರ ಸರ್ಕಾರ ಬೀಳಿಸಿ ಕುರ್ಚಿಗೆ ಬಂದವರು ಶರದ್ ಪವಾರ್. ಪವಾರ್ ವ್ಯಾಪಾರಿ ಅಲ್ಲ, ಆದರೆ ಸಹಕಾರದ ಮನೆತನ. ತಾಯಿ 1938ರಲ್ಲೇ ಪುಣೆ ಜಿಲ್ಲಾ ಲೋಕಲ್ ಬೋರ್ಡ್ ಸದಸ್ಯೆ. ಪವಾರ್ ಮುಂದೆ ದೇಶದ ರಕ್ಷಣಾ ಮಂತ್ರಿ, 2004ರಿಂದ ಹತ್ತು ವರ್ಷ ಕೇಂದ್ರ ಕೃಷಿ ಮಂತ್ರಿ. ತಮಾಷೆ ಏನಂದ್ರೆ, ಹಡಪ್ಸರ್ ದಾಟಿದರೆ ಸಿಗುವ ಮಾಂಜರಿಯಲ್ಲಿ ವಸಂತದಾದಾ ಹೆಸರಿನ ಸಕ್ಕರೆ ಸಂಶೋಧನಾ ಸಂಸ್ಥೆ ಇದೆ. ಅದಕ್ಕೆ ಅಧ್ಯಕ್ಷರಾಗಿ ಕೂತವರೂ ಪವಾರ್ ಅವರೇ!

ಬಿಜೆಪಿಯ ನಿತಿನ್ ಗಡ್ಕರಿ ಹೆಸರು ಹೇಳ್ತೀರಿ ಅಂತ ಗೊತ್ತು, ನಿಮ್ಮಂಥವರೆಲ್ಲ ಅವರ ಹೆಸರೇ ಹೇಳೋದು. ಆದರೆ ಅವರದ್ದು ಉಲ್ಟಾ ದಾರಿ. ವಿದ್ಯಾರ್ಥಿ ಸಂಘಟನೆಯಿಂದ ಬಂದು 1989ರಲ್ಲೇ ವಿಧಾನ ಪರಿಷತ್ತಿಗೆ ಹೋದವರು, ಸಕ್ಕರೆ ಕಾರ್ಖಾನೆ ಬಂದಿದ್ದು ಆಮೇಲೆ. 2009ರಲ್ಲಿ ಪಕ್ಷದ ರಾಷ್ಟ್ರೀಯ ಅಧ್ಯಕ್ಷರಾದಾಗ ಇಲ್ಲಿಯವರು ನೆನೆಸಿಕೊಂಡಿದ್ದು ಸಕ್ಕರೆಯನ್ನಲ್ಲ, ಅವರು ರಾಜ್ಯದಲ್ಲಿ ಮಂತ್ರಿಯಾಗಿದ್ದಾಗ ಶುರುವಾದ ಪುಣೆ-ಮುಂಬೈ ಎಕ್ಸ್‌ಪ್ರೆಸ್‌ವೇಯನ್ನು.

ನಿಮ್ಮ ವಿಷಯಕ್ಕೆ ಬರೋಣ. ಗೊಬ್ಬರದ ಅಂಗಡಿಯಿಂದ ನಾಯಕ ಆಗೋದು ಕಷ್ಟ, ಸುಮ್ನೆ ಆಸೆ ಹುಟ್ಟಿಸಲ್ಲ. ಉದ್ರಿ ಕೊಟ್ಟ ಇನ್ನೂರು ಮನೆ ನನ್ನ ಇನ್ನೂರು ವೋಟು ಅಂತ ವ್ಯಾಪಾರಿ ಅಂದುಕೊಳ್ತಾನೆ. ಉದ್ರಿ ತಗೊಂಡವನು ನಿಮ್ಮನ್ನು ನೋಡಿದರೆ ಓಣಿ ಬದಲಾಯಿಸ್ತಾನೆ. ವೋಟು ಹಾಕಿ ಗೆಲ್ಲಿಸಿದರೆ ಇನ್ನೂ ಜೋರಾಗಿ ವಸೂಲಿ ಮಾಡ್ತೀರಿ ಅನ್ನೋ ಭಯ ಅವನಿಗೆ. ಹಾಲು ವಾಸಿ. ಆದರೆ ನೀವೇ ಕೊಂಡು ನೀವೇ ಮಾರ್ತಿದ್ದರೆ ಅದೂ ಅಂಗಡಿಯೇ. ಊರಲ್ಲಿ ಹಾಲು ಉತ್ಪಾದಕರ ಸಂಘ ಇದ್ದರೆ ಅದರ ಆಡಳಿತ ಮಂಡಳಿಗೆ ನಿಂತು ನೋಡಿ. ಬೆಳಿಗ್ಗೆ ಆರಕ್ಕೆ ಹಾಲು ಅಳೆಯುವ ಜಾಗದಲ್ಲಿ ನಿಂತು, ಫ್ಯಾಟ್ ಕಡಿಮೆ ಬಂತು ಅಂತ ಜಗಳ ತೆಗೆಯುವ ಅಜ್ಜಿಗೆ ಸಮಾಧಾನ ಹೇಳೋಕೆ ಆಗುತ್ತಾ ನಿಮಗೆ? ಐದು ವರ್ಷ, ಎರಡೂ ಹೊತ್ತು?

ನಿಲ್ಲೋದಾದರೆ ಅದಕ್ಕೂ ಮೊದಲು ಗೊಬ್ಬರದ ಉದ್ರಿಯೆಲ್ಲ ವಸೂಲಿ ಮಾಡಿಕೊಳ್ಳಿ. ಅರ್ಜಿ ಹಾಕಿದ ಮೇಲೆ ಯಾರೂ ಕೊಡಲ್ಲ.