ಗಂಟೆ ಬಾರಿಸಿದ್ದು ಯಾವಾಗ ಎಂದು ಬರೆಯಿರಿ

ಪ್ರಿಯ ಮಿತ್ರರೇ,

1997ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ನಡೆದ ವೃತ್ತಿಪರ ರೆಸ್ಲಿಂಗ್ ಪಂದ್ಯದಲ್ಲಿ, ಮೊದಲೇ ಆಡಿಕೊಂಡ ಮಾತು ಮುರಿದು, ಚಾಂಪಿಯನ್ ಬ್ರೆಟ್ ಹಾರ್ಟ್ ಶಾನ್ ಮೈಕಲ್ಸ್‌ಗೆ ಸೋತನೆಂದು ಘೋಷಿಸಿದ್ದರ ಬಗ್ಗೆ ನೀವು ಬರೆದ ‘ಮಾಂಟ್ರಿಯಲ್‌ನ ಮಹಾಮೋಸ’ ಲೇಖನ ಓದಿದೆ. ರೆಸ್ಲರ್‌ಗಳ ಟ್ರಂಪ್ ಕಾರ್ಡುಗಳಲ್ಲಿ ಎದೆಯ ಸುತ್ತಳತೆ, ತೂಕ, ರ‍್ಯಾಂಕ್ ಓದುತ್ತಾ ಬ್ರೆಟ್ ಹಾರ್ಟ್‌ನ ಅಭಿಮಾನಿಯಾದ ನಿಮ್ಮ ಮೊದಲ ಪ್ಯಾರಾ ಚೆನ್ನಾಗಿದೆ. ಭಾಷೆ ಸರಾಗವಾಗಿದೆ. ಹೀಗೇ ಇದ್ದರೆ ಪ್ರಕಟಿಸಲಾರೆ. ಯಾಕೆ ಎಂದು ವಿವರವಾಗಿ ಬರೆಯುತ್ತಿದ್ದೇನೆ. ನೀವು ಆರಿಸಿಕೊಂಡ ವಿಷಯ ನನಗೆ ತುಂಬಾ ಮುಖ್ಯವಾದದ್ದು, ಅದನ್ನು ಕೈಗೆತ್ತಿಕೊಂಡು ಅರ್ಧಕ್ಕೆ ಬಿಟ್ಟದ್ದು ನನಗೆ ನಿಜವಾಗಿಯೂ ಬೇಸರ ತಂದಿತು.

ಮೊದಲು ಒಂದು ಮಾತನ್ನು ಹೊಡೆದು ಹಾಕಿ. ‘ಇದೆಲ್ಲ ನಾಟಕ ಎಂದು ಗೊತ್ತಿದ್ದರೂ’ ಎಂದು ಮೂರು ಕಡೆ ಬರೆದಿದ್ದೀರಿ. ಓದುಗರ ಮುಂದೆ ಕ್ಷಮೆ ಕೇಳುವ ಹಾಗಿದೆ. ಫಲಿತಾಂಶ ಮೊದಲೇ ನಿಗದಿಯಾಗಿರುತ್ತದೆ ಎಂಬುದನ್ನು 1989ರಲ್ಲಿ ನ್ಯೂಜೆರ್ಸಿಯ ಶಾಸನಸಭೆಯೆದುರು ಈ ಪಂದ್ಯಗಳನ್ನು ನಡೆಸುವ ಡಬ್ಲ್ಯುಡಬ್ಲ್ಯುಎಫ್ (ಇಂದಿನ ಡಬ್ಲ್ಯುಡಬ್ಲ್ಯುಇ) ಕಂಪನಿಯೇ ಒಪ್ಪಿಕೊಂಡಿತ್ತು. ಇದು ಮನರಂಜನೆ, ಕ್ರೀಡಾ ಆಯೋಗದ ಹಿಡಿತ ಬೇಡ ಎಂದು ವಾದಿಸಲು ಹಾಗೆ ಹೇಳಿತು. ಕಂಪನಿಯೇ ಹೇಳಿದ್ದನ್ನು 1997ರ ಪಂದ್ಯದ ಬಗ್ಗೆ ಬರೆಯುವಾಗ ನೀವು ಪಿಸುಗುಟ್ಟುವ ಅಗತ್ಯವಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಮಾತು ನಿಮ್ಮ ಲೇಖನದ ಬುಡವನ್ನೇ ಕಡಿಯುತ್ತದೆ. ಮೈಸೂರು ದಸರಾದ ಮಣ್ಣಿನ ಅಖಾಡದಲ್ಲಿ ಜೋಡಿ ಕಟ್ಟಿದ ಮೇಲೆ ಯಾರು ಯಾರನ್ನು ಚಿತ್ ಮಾಡಬೇಕೆಂದು ಒಪ್ಪಂದವಿರುವುದಿಲ್ಲ. ಆದ್ದರಿಂದ ಅಲ್ಲಿ ಮಾಂಟ್ರಿಯಲ್ ಥರದ ಘಟನೆ ನಡೆಯುವುದು ಸಾಧ್ಯವೇ ಇಲ್ಲ. ಮಾತು ಕೊಟ್ಟ ಜಾಗದಲ್ಲಿ ಮಾತ್ರ ಮಾತು ತಪ್ಪಲು ಬರುತ್ತದೆ. ಫಲಿತಾಂಶ ಮೊದಲೇ ಮಾತಾಡಿಕೊಂಡಿದ್ದರು ಎಂಬುದೇ ನಿಮ್ಮ ಕತೆಯ ಜೀವ. ಅದನ್ನು ನೀವು ಮುಜುಗರದ ವಿಷಯ ಮಾಡಿದ್ದೀರಿ.

ಈಗ ಪಂದ್ಯದ ಕೊನೆಯನ್ನು ವಿವರಿಸುವ ನಿಮ್ಮ ಸಾಲುಗಳಿಗೆ ಬರುತ್ತೇನೆ, ಒಂದೊಂದೇ ಸಾಲು.

‘ಶಾನ್ ಮೈಕಲ್ಸ್ ತನ್ನ ಭಯಂಕರ ಪಟ್ಟಿನಿಂದ ಬ್ರೆಟ್ ಹಾರ್ಟ್‌ನನ್ನು ಚಿತ್ ಮಾಡಿದ.’

ಈ ಒಂದು ಸಾಲಿನಲ್ಲಿ ಮೂರು ತಪ್ಪುಗಳಿವೆ. ಪಟ್ಟು ಮೈಕಲ್ಸ್‌ನದಲ್ಲ, ಬ್ರೆಟ್‌ನದೇ. ಶಾರ್ಪ್‌ಶೂಟರ್ ಬ್ರೆಟ್‌ನ ಗುರುತಿನ ಪಟ್ಟು, ಅವನು ಪಂದ್ಯ ಮುಗಿಸುತ್ತಿದ್ದದ್ದೇ ಅದರಿಂದ. ಸ್ವಂತ ಪಟ್ಟಿನಲ್ಲಿ ಸಿಕ್ಕಿಸಿ ಸೋತನೆಂದು ಘೋಷಿಸಿದ್ದು ಆ ರಾತ್ರಿಯ ಅವಮಾನದ ಅರ್ಧ ಭಾಗ, ಅದು ನಿಮ್ಮ ಸಾಲಿನಲ್ಲಿ ಕಾಣೆಯಾಗಿದೆ. ಎರಡನೆಯದು, ಯಾರೂ ಚಿತ್ ಆಗಲಿಲ್ಲ. ಚಿತ್ ಎಂದರೆ ಬೆನ್ನು ನೆಲಕ್ಕೆ ತಾಗಬೇಕು. ಬ್ರೆಟ್ ಬೋರಲಾಗಿ ಮಲಗಿದ್ದ. ಪಂದ್ಯ ಮುಗಿದದ್ದು ‘ಶರಣಾಗತಿ’ಯ ಹೆಸರಿನಲ್ಲಿ, ಅವನು ಶರಣಾಗಲೂ ಇಲ್ಲ. ಮೂರನೆಯದು ‘ಭಯಂಕರ’. ಆ ಪದ ಪಟ್ಟನ್ನು ತೋರಿಸುವುದಿಲ್ಲ, ಮುಚ್ಚುತ್ತದೆ.

ಶಾರ್ಪ್‌ಶೂಟರ್ ಹಾಕುವುದು ಹೀಗೆ. ಎದುರಾಳಿ ಅಂಗಾತ ಬಿದ್ದಿರುತ್ತಾನೆ. ಹಾಕುವವನು ಅವನ ಎರಡೂ ಕಾಲುಗಳನ್ನು ಎತ್ತಿ, ತನ್ನ ಒಂದು ಕಾಲನ್ನು ಅವುಗಳ ನಡುವೆ ಊರುತ್ತಾನೆ. ಎದುರಾಳಿಯ ಕಾಲುಗಳನ್ನು ಆ ಕಾಲಿನ ಸುತ್ತ ಕತ್ತರಿ ಹಾಕಿದ ಹಾಗೆ ಹೆಣೆದು, ತೋಳಿನಲ್ಲಿ ಬಿಗಿಯುತ್ತಾನೆ. ಆಮೇಲೆ ಮೈಮೇಲಿಂದ ದಾಟಿ ಅವನನ್ನು ಬೋರಲು ಹೊರಳಿಸಿ ಹಿಂದಕ್ಕೆ ಕೂರುತ್ತಾನೆ. ಭಾರವೆಲ್ಲ ಸೊಂಟದ ಮೇಲೆ. ನೂರು ಕಿಲೋ ಹತ್ತಿರದ ಮನುಷ್ಯನನ್ನು ಹೀಗೆ ಹೊರಳಿಸುವುದು ಅವನ ಸಹಕಾರವಿಲ್ಲದೆ ಬಹಳ ಕಷ್ಟ. ಮಲಗಿದವನು ಸೊಂಟ ತಿರುಗಿಸಿ ಕೊಡಬೇಕು, ಕಾಲು ಸಡಿಲ ಬಿಡಬೇಕು. ಬ್ರೆಟ್ ಕೊಟ್ಟ, ಯಾಕೆಂದರೆ ಅದನ್ನು ಮೊದಲೇ ಮಾತಾಡಿಕೊಂಡಿದ್ದರು. ತನ್ನ ದೇಹವನ್ನು ಇನ್ನೊಬ್ಬನ ಕೈಗೆ ಒಪ್ಪಿಸುವುದು ಈ ವೃತ್ತಿಯ ಮೂಲ ನಂಬಿಕೆ. ರಿಂಗಿನ ನೆಲವೆಂದರೆ ಮರದ ಹಲಗೆಯ ಮೇಲೆ ತೆಳ್ಳನೆಯ ಫೋಮು, ಅದರ ಮೇಲೆ ಕ್ಯಾನ್ವಾಸು. ಅಷ್ಟರ ಮೇಲೆ ವಾರಕ್ಕೆ ಎಷ್ಟೋ ರಾತ್ರಿ ಬೆನ್ನು ಕೊಟ್ಟು ಬೀಳುವವರಿಗೆ ಎದುರಾಳಿಯ ಮೇಲಿನ ಆ ನಂಬಿಕೆಯ ಹೊರತು ಬೇರೆ ರಕ್ಷಣೆಯಿಲ್ಲ.

‘ರೆಫರಿ ಅರ್ಲ್ ಹೆಬ್ನರ್ ಮೋಸದ ತೀರ್ಪು ಕೊಟ್ಟ.’

ಹೆಬ್ನರ್ ಕೊಟ್ಟದ್ದು ತೀರ್ಪಲ್ಲ. ರೆಸ್ಲಿಂಗ್‌ನಲ್ಲಿ ರೆಫರಿ ಇಬ್ಬರ ನಡುವಿನ ಅಂಚೆಯವನಿದ್ದ ಹಾಗೆ. ಸಮಯ ಎಷ್ಟು ಉಳಿದಿದೆ, ಯಾವಾಗ ಮುಗಿಸಬೇಕು, ಯಾರಿಗಾದರೂ ನಿಜವಾಗಿ ಪೆಟ್ಟಾಗಿದೆಯೇ ಎಂಬುದನ್ನೆಲ್ಲ ಅವನೇ ದಾಟಿಸುತ್ತಾನೆ. ಇದನ್ನು ಹೇಳದಿದ್ದರೆ ಆ ರಾತ್ರಿ ಬಲೆ ಹೆಣೆದದ್ದು ಹೇಗೆ ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

ಬ್ರೆಟ್‌ಗೆ ಗೊತ್ತಿದ್ದ ಯೋಜನೆ ಇದು. ಅವನು ಮೂಲೆಯ ಮೇಲಿನ ಹಗ್ಗದಿಂದ ಜಿಗಿಯುತ್ತಾನೆ, ಮೈಕಲ್ಸ್ ರೆಫರಿಯನ್ನು ಅಡ್ಡ ಎಳೆಯುತ್ತಾನೆ, ರೆಫರಿ ಪೆಟ್ಟು ತಿಂದು ಬೀಳುತ್ತಾನೆ. ರೆಫರಿ ಎಚ್ಚರವಿಲ್ಲದೆ ಬಿದ್ದಿರುವಾಗ ಮೈಕಲ್ಸ್ ಶಾರ್ಪ್‌ಶೂಟರ್ ಹಾಕುತ್ತಾನೆ, ಬ್ರೆಟ್ ಅದನ್ನು ತಿರುಗಿಸುತ್ತಾನೆ. ಇನ್ನೊಬ್ಬ ರೆಫರಿ ಓಡಿ ಬರುತ್ತಾನೆ, ಹಿಂದೆಯೇ ಬ್ರೆಟ್‌ನ ತಮ್ಮ ಓವನ್ ಹಾರ್ಟ್, ಭಾವ ಡೇವಿ ಬಾಯ್ ಸ್ಮಿತ್ ನುಗ್ಗುತ್ತಾರೆ. ಗಲಾಟೆಯಲ್ಲಿ ಪಂದ್ಯ ಡಿಸ್‌ಕ್ವಾಲಿಫಿಕೇಶನ್ ಆಗಿ, ಅಂದರೆ ನಿಯಮ ಮುರಿದದ್ದಕ್ಕೆ ಅನರ್ಹತೆಯಾಗಿ, ಮುಗಿಯುತ್ತದೆ. ಹಾಗೆ ಮುಗಿದರೆ ಚಾಂಪಿಯನ್ ಬೆಲ್ಟ್ ಕೈ ಬದಲಾಗುವುದಿಲ್ಲ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ರೆಫರಿ ಬಿದ್ದಿರುವುದು. ನೋಡುವ ರೆಫರಿ ಇಲ್ಲದಿರುವಾಗ ಶರಣಾಗತಿ ಸಾಧ್ಯವಿಲ್ಲ. ಆದ್ದರಿಂದಲೇ ಬ್ರೆಟ್ ಆ ಪಟ್ಟಿನೊಳಗೆ ಹೋಗಲು ಹೆದರಲಿಲ್ಲ. ಆದರೆ ಹೆಬ್ನರ್ ಬೇಗ ಎದ್ದ. ರಿಂಗಿನ ಪಕ್ಕ ನಿಂತಿದ್ದ ಕಂಪನಿಯ ಮಾಲೀಕ ವಿನ್ಸ್ ಮೆಕ್‌ಮಹನ್ ಗಂಟೆ ಬಾರಿಸುವಂತೆ ಕೂಗಿದ. ಗಂಟೆ ಹೊಡೆಯಿತು, ಮೈಕಲ್ಸ್‌ನ ಸಂಗೀತ ಹಾಕಿದರು. ಹೆಬ್ನರ್ ಅಲ್ಲಿ ನಿಲ್ಲದೆ ಹೊರಗೆ ಕಾದಿದ್ದ ಕಾರಿಗೆ ಓಡಿದ.

ಈಗ ಟೇಪು ಮತ್ತೊಮ್ಮೆ ಹಾಕಿ, ಬ್ರೆಟ್‌ನ ಕೈ ನೋಡಿ. ಶಾರ್ಪ್‌ಶೂಟರ್ ಹಾಕಿದವನ ಬೆನ್ನು ಎದುರಾಳಿಯ ತಲೆಯ ಕಡೆಗಿರುತ್ತದೆ, ಅವನ ಕಾಲು ಮಲಗಿದವನ ಕೈಗೆ ಎಟಕುತ್ತದೆ. ಬ್ರೆಟ್ ಆಗಲೇ ಮೈಕಲ್ಸ್‌ನ ಕಾಲು ಹಿಡಿದು ಎಳೆಯುತ್ತಿದ್ದಾನೆ. ಪಟ್ಟು ಬಿಚ್ಚುತ್ತಿದೆ, ಮೈಕಲ್ಸ್ ಬೀಳುತ್ತಿದ್ದಾನೆ, ಅಷ್ಟರಲ್ಲಿ ಗಂಟೆ. ಸೋತನೆಂದು ಘೋಷಣೆಯಾದ ಗಳಿಗೆಯಲ್ಲಿ ಅವನು ಮಾತಿನಂತೆ ತನ್ನ ಕೆಲಸ ಮಾಡುತ್ತಿದ್ದ. ಈ ಒಂದು ಚಿತ್ರ ನಿಮ್ಮ 1,800 ಪದಗಳಲ್ಲಿ ಎಲ್ಲೂ ಇಲ್ಲ. ‘ಮಹಾಮೋಸ’ ಎಂಬ ಪದ ಮಾತ್ರ ಹನ್ನೊಂದು ಸಲ ಇದೆ.

ಕ್ರೀಡಾ ಪುಟದಲ್ಲಿ ನಾನು ಕೆಲಸ ಕಲಿತದ್ದು ಕುಸ್ತಿಯ ವರದಿ ತಿದ್ದುತ್ತಾ. ಇಂಥವನು ಗೆದ್ದ ಎಂದು ಬರೆದು ಕೊಟ್ಟರೆ ಹಿರಿಯರು ಮೂರು ಪ್ರಶ್ನೆ ಕೇಳುತ್ತಿದ್ದರು: ಯಾವ ಪಟ್ಟು, ಎಷ್ಟನೆಯ ನಿಮಿಷ, ಕೈ ಎಲ್ಲಿತ್ತು? ಮೂರಕ್ಕೂ ಉತ್ತರವಿದ್ದರೆ ‘ರೋಚಕ’ ಎಂಬ ಪದ ತಾನಾಗಿ ಅನಗತ್ಯವಾಗುತ್ತಿತ್ತು. ಉತ್ತರವಿಲ್ಲದಿದ್ದರೆ ಆ ಪದಕ್ಕೆ ಬೆಲೆಯೇ ಇರುತ್ತಿರಲಿಲ್ಲ. ನಿಮ್ಮ ಪ್ರತಿಯನ್ನೂ ಅದೇ ಮೂರು ಪ್ರಶ್ನೆ ಇಟ್ಟುಕೊಂಡು ಓದಿದ್ದೇನೆ.

‘ಬ್ರೆಟ್‌ಗೆ ಸೋಲುವುದೆಂದರೆ ಆಗುತ್ತಿರಲಿಲ್ಲ, ಅಹಂಕಾರಿ ಎಂದು ಕೆಲವರು ಹೇಳುತ್ತಾರೆ.’

‘ಕೆಲವರು’ ಯಾರು? ಈ ಪದ ನನಗೆ ಸಹಿಸಲಾಗುವುದಿಲ್ಲ. ವಿವಾದದ ಬಗ್ಗೆ ಬರೆಯುವವರು ಯಾರ ಮಾತು ಯಾರದು ಎಂದು ಹೇಳಲೇಬೇಕು. ಇಲ್ಲಿ ಎರಡು ಪಕ್ಷಗಳ ಮಾತೂ ಸಿಗುತ್ತದೆ. ಬ್ರೆಟ್ 1996ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಜೊತೆ 20 ವರ್ಷದ ಒಪ್ಪಂದಕ್ಕೆ ಸಹಿ ಹಾಕಿದ್ದ. ಮರುವರ್ಷ ಮೆಕ್‌ಮಹನ್ ಅಷ್ಟು ಹಣ ಕೊಡಲಾಗುವುದಿಲ್ಲ, ಪ್ರತಿಸ್ಪರ್ಧಿ ಕಂಪನಿ ಡಬ್ಲ್ಯುಸಿಡಬ್ಲ್ಯು ಜೊತೆ ಮಾತಾಡು ಎಂದ. ಹೊರಡುವ ಮುಂಚಿನ ಕೊನೆಯ 30 ದಿನ ತನ್ನ ಪಾತ್ರವನ್ನು ಹೇಗೆ ನಡೆಸಬೇಕೆಂಬುದರಲ್ಲಿ ಬ್ರೆಟ್‌ನ ಮಾತೂ ನಡೆಯಬೇಕೆಂಬ ಹಕ್ಕು ಒಪ್ಪಂದದಲ್ಲೇ ಇತ್ತು. ಕೆನಡಾದ ನೆಲದಲ್ಲಿ ಮೈಕಲ್ಸ್‌ಗೆ ಬೆಲ್ಟ್ ಕೊಡುವುದಿಲ್ಲ, ಬೇರೆ ಕಡೆ ಕೊಡುತ್ತೇನೆ ಎಂಬುದು ಅವನ ನಿಲುವು. ಆ ವರ್ಷ ಅವನು ಕೆನಡಾದ ವೀರನ ಪಾತ್ರದಲ್ಲಿದ್ದ ಎಂಬುದನ್ನು ಇದರ ಜೊತೆ ಓದಬೇಕು. ಸೋಲಲು ಆಗದವನು ಎಂಬುದಕ್ಕೆ ಉತ್ತರ 1996ರ ಮಾರ್ಚ್ 31ರಂದು ನಡೆದ, ಕಂಪನಿಯ ವರ್ಷದ ದೊಡ್ಡ ಕಾರ್ಯಕ್ರಮ ರೆಸಲ್‌ಮೇನಿಯಾದಲ್ಲಿದೆ. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ 60 ನಿಮಿಷ ಸೆಣಸಿ, ಹೆಚ್ಚುವರಿ ಸಮಯದಲ್ಲಿ ಬ್ರೆಟ್ ಇದೇ ಮೈಕಲ್ಸ್‌ಗೆ ಸೋತು ಬೆಲ್ಟ್ ಬಿಟ್ಟುಕೊಟ್ಟಿದ್ದ. ನೀವು ಆ ಪಂದ್ಯವನ್ನು ಇನ್ನೊಂದು ಪುಟದಲ್ಲಿ ಹೊಗಳಿದ್ದೀರಿ, ಇಲ್ಲಿಗೆ ತಂದು ಜೋಡಿಸಲಿಲ್ಲ.

ಮೆಕ್‌ಮಹನ್‌ನ ಕಡೆಯನ್ನೂ ಪೂರ್ತಿ ಬರೆಯಿರಿ, ನೀವು ಬ್ರೆಟ್‌ನ ಅಭಿಮಾನಿಯಾದರೂ. 1995ರ ಡಿಸೆಂಬರ್‌ನಲ್ಲಿ ಮಡೂಸಾ ಎಂಬ ಆಟಗಾರ್ತಿ ಡಬ್ಲ್ಯುಡಬ್ಲ್ಯುಎಫ್‌ನ ಮಹಿಳಾ ಬೆಲ್ಟನ್ನು ಡಬ್ಲ್ಯುಸಿಡಬ್ಲ್ಯು ಟಿವಿ ಕಾರ್ಯಕ್ರಮಕ್ಕೆ ಒಯ್ದು ಕಸದ ಬುಟ್ಟಿಗೆ ಹಾಕಿದ್ದಳು. ಅದೇ ಗತಿ ಮುಖ್ಯ ಬೆಲ್ಟಿಗೂ ಆದರೆ ಎಂಬ ಹೆದರಿಕೆ ಕಂಪನಿಗಿತ್ತು. ಸೋಮವಾರ ರಾತ್ರಿಗಳ ಟಿವಿ ಪೈಪೋಟಿಯಲ್ಲಿ ಆಗ ಡಬ್ಲ್ಯುಡಬ್ಲ್ಯುಎಫ್ ಹಿಂದೆ ಬಿದ್ದಿತ್ತು. ಹೆದರಿಕೆಗೆ ಕಾರಣವಿತ್ತು. ನನ್ನ ಅಭಿಪ್ರಾಯದಲ್ಲಿ ಕೊಟ್ಟ ಮಾತು ಮುರಿಯಲು ಅದು ಸಾಲದು. ಕಾರಣ ಹೇಳಿದ ಮೇಲೆ ನಿಮ್ಮ ತೀರ್ಪನ್ನೂ ಹೀಗೆ ನೇರವಾಗಿ ಹೇಳಿ.

ಇನ್ನೊಂದು ಸಾಕ್ಷ್ಯ ನಿಮ್ಮ ಕೈಯಲ್ಲೇ ಇತ್ತು. ಆ ದಿನಗಳಲ್ಲಿ ಸಾಕ್ಷ್ಯಚಿತ್ರದ ತಂಡವೊಂದು ಬ್ರೆಟ್‌ನನ್ನು ಹಿಂಬಾಲಿಸುತ್ತಿತ್ತು. ಪಂದ್ಯದ ದಿನ ಅವನೂ ಮೆಕ್‌ಮಹನ್‌ನೂ ಆಡಿಕೊಂಡ ಮಾತು ರೆಕಾರ್ಡ್ ಆಗಿದೆ. ಡಿಸ್‌ಕ್ವಾಲಿಫಿಕೇಶನ್‌ಗೆ ಮಾಲೀಕ ಒಪ್ಪಿದ್ದು ಅದರಲ್ಲಿ ಕೇಳುತ್ತದೆ. ‘ಕೆಲವರು ಹೇಳುತ್ತಾರೆ’ ಎಂಬುದನ್ನು ತೆಗೆದು ಇದನ್ನು ಇಡಿ.

‘ಬ್ರೆಟ್ ಹುಚ್ಚನಂತೆ ವರ್ತಿಸಿದ.’

ಇಲ್ಲ. ಮೆಕ್‌ಮಹನ್‌ನ ಮುಖಕ್ಕೆ ಉಗಿದ. ರಿಂಗಿನ ಪಕ್ಕದ ಟಿವಿ ಮಾನಿಟರುಗಳನ್ನು ಒಡೆದ. ಬೆರಳಿನಿಂದ ಗಾಳಿಯಲ್ಲಿ ಡಬ್ಲ್ಯುಸಿಡಬ್ಲ್ಯು ಎಂಬ ಅಕ್ಷರಗಳನ್ನು ಬರೆದು ಜನರಿಗೆ ತೋರಿಸಿದ. ಆಮೇಲೆ ಒಳಗೆ ಮೆಕ್‌ಮಹನ್‌ಗೆ ಗುದ್ದಿದ. ಇವಿಷ್ಟನ್ನು ಬರೆದರೆ ಸಾಕು, ಹುಚ್ಚೋ ಸಿಟ್ಟೋ ಓದುಗರೇ ತಿಳಿಯುತ್ತಾರೆ. ಗಾಳಿಯಲ್ಲಿ ಅಕ್ಷರ ಬರೆಯುವವನಿಗೆ ತಾನೇನು ಮಾಡುತ್ತಿದ್ದೇನೆಂದು ಚೆನ್ನಾಗಿ ಗೊತ್ತಿರುತ್ತದೆ.

ಕೊನೆಯ ಭಾಗದ ಒಂದು ಪದ ನನ್ನನ್ನು ತುಂಬಾ ಕಾಡಿತು. ಓವನ್ ಹಾರ್ಟ್‌ನ ಸಾವನ್ನು ‘ಹಾರ್ಟ್ ಕುಟುಂಬಕ್ಕೆ ತಟ್ಟಿದ ಶಾಪ’ ಎಂದಿದ್ದೀರಿ. ದಯವಿಟ್ಟು ಹಾಗೆ ಬರೆಯಬೇಡಿ. 1999ರ ಮೇ 23ರಂದು ಕಾನ್ಸಾಸ್ ಸಿಟಿಯ ಕೆಂಪರ್ ಅರೇನಾದಲ್ಲಿ ಓವನ್‌ನನ್ನು ಚಾವಣಿಯಿಂದ ಹಗ್ಗದ ಮೇಲೆ ರಿಂಗಿಗೆ ಇಳಿಸಬೇಕಿತ್ತು. ಇಳಿದ ಕೂಡಲೇ ಬಿಡಿಸಿಕೊಳ್ಳಲು ಅನುಕೂಲವಾಗಲೆಂದು ಬೇಗ ಬಿಚ್ಚುವ ಕೊಂಡಿ ಹಾಕಿದ್ದರು. ಮನುಷ್ಯನನ್ನು ಎತ್ತರದಲ್ಲಿ ತೂಗುಹಾಕುವಾಗ ತನ್ನಷ್ಟಕ್ಕೆ ಬಿಚ್ಚಿಕೊಳ್ಳದ ಬೀಗದ ಕೊಂಡಿ ಬೇಕು, ಒಂದು ಕೈಕೊಟ್ಟರೆ ಹಿಡಿಯಲು ಇನ್ನೊಂದು ಬೇಕು. ಕೊಂಡಿ ಮೇಲೆಯೇ ಬಿಚ್ಚಿತು. ಓವನ್ ಬಿದ್ದು ಸತ್ತ, 34 ವರ್ಷ. ಕಾರ್ಯಕ್ರಮ ಮುಂದುವರಿಯಿತು. ಕುಟುಂಬ ಹೂಡಿದ ದಾವೆ 2000ದಲ್ಲಿ 1.8 ಕೋಟಿ ಡಾಲರ್‌ಗೆ ಇತ್ಯರ್ಥವಾಯಿತು. ಶಾಪ ಎಂದು ಬರೆದರೆ ಆ ಕೊಂಡಿಯನ್ನು ಆರಿಸಿದವರು ಯಾರು, ಇಳಿಸುವ ನಿರ್ಧಾರ ಯಾರದು ಎಂಬ ಪ್ರಶ್ನೆಗಳೆಲ್ಲ ಮುಚ್ಚಿಹೋಗುತ್ತವೆ. ಮಾಂಟ್ರಿಯಲ್ ಲೇಖನದ ಬಾಲಕ್ಕೆ ನಾಲ್ಕು ಸಾಲಿನಲ್ಲಿ ಇದನ್ನು ಕಟ್ಟಬೇಡಿ. ಅದಕ್ಕೆ ಬೇರೆಯೇ ಲೇಖನ ಬೇಕು, ಬರೆದರೆ ಓದುತ್ತೇನೆ.

ಮಿಕ್ಕ ಭಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿಯವರೆಗೆ ಟಿವಿಯಲ್ಲಿ ಬಹುಪಾಲು ಕಾಮೆಂಟರಿ ಹೇಳುವವನಾಗಿ ಕಂಡಿದ್ದ ಮೆಕ್‌ಮಹನ್, ಈ ಘಟನೆಯ ನಂತರ ದುಷ್ಟ ಮಾಲೀಕನ ಪಾತ್ರ ತಾಳಿ ಕಂಪನಿಯ ದೆಸೆ ಬದಲಿಸಿದ ಎಂಬ ನಿಮ್ಮ ಪ್ಯಾರಾ ಸರಿಯಾಗಿದೆ, ಹಾಗೇ ಇರಲಿ. 2010ರ ಜನವರಿ 4ರಂದು ಬ್ರೆಟ್ ಮತ್ತು ಮೈಕಲ್ಸ್ ರಿಂಗಿನಲ್ಲಿ ಅಪ್ಪಿಕೊಂಡದ್ದನ್ನು ಎರಡು ಸಾಲಿಗೆ ಇಳಿಸಿ.

ತಿದ್ದಲು ಕೂರುವ ಮುಂಚೆ ಒಂದು ಕೆಲಸ ಮಾಡಿ. 1997ರ ನವೆಂಬರ್ 9ರ ಸರ್ವೈವರ್ ಸೀರೀಸ್‌ನ ಆ ಪಂದ್ಯದ ಕೊನೆಯ ಎರಡು ನಿಮಿಷವನ್ನು ಶಬ್ದ ನಿಲ್ಲಿಸಿ ಐದು ಸಲ ನೋಡಿ. ಒಂದು ಸಲ ಬ್ರೆಟ್‌ನನ್ನು ಮಾತ್ರ, ಒಂದು ಸಲ ಮೈಕಲ್ಸ್‌ನನ್ನು, ಒಂದು ಸಲ ಹೆಬ್ನರ್‌ನನ್ನು, ಒಂದು ಸಲ ಮೆಕ್‌ಮಹನ್‌ನನ್ನು, ಕೊನೆಯ ಸಲ ಮುಂದಿನ ಸಾಲಿನ ಜನರನ್ನು. ಪ್ರತಿ ಸಲವೂ ಕಂಡದ್ದನ್ನು ಐದೇ ಸಾಲು ಬರೆದುಕೊಳ್ಳಿ, ವಿಶೇಷಣ ಬೇಡ. ಆರನೆಯ ಸಲ ಶಬ್ದ ಹಾಕಿ, ಗಂಟೆ ಯಾವ ಚಲನೆಯ ಮೇಲೆ ಬೀಳುತ್ತದೆ ಎಂದು ಗುರುತು ಮಾಡಿ. ಲೇಖನ 1,100 ಪದ ದಾಟದಿರಲಿ. ಟ್ರಂಪ್ ಕಾರ್ಡಿನ ಪ್ಯಾರಾವನ್ನು ಎರಡನೆಯದಾಗಿಡಿ, ಬ್ರೆಟ್‌ನ ಕೈ ಮೈಕಲ್ಸ್‌ನ ಕಾಲಿಗೆ ತಾಗುವಲ್ಲಿಂದ ಶುರು ಮಾಡಿ. ಬರುವ ತಿಂಗಳ 10ರೊಳಗೆ ಕಳಿಸಿದರೆ ಅದರ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ವಿಶ್ವಾಸದಿಂದ,
ಸಂಪಾದಕ