ಆ ಚೀಟಿಯ ಝೆರಾಕ್ಸ್ ಮಾಡಿಸಿದ್ದೀರಾ?

ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: ಮದುವೆ ಊಟ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ ತಮ್ಮನನ್ನು ಪೊಲೀಸರು ತಡೆದು, ಕುಡಿದದ್ದನ್ನು ಅಳೆಯುವ ಯಂತ್ರಕ್ಕೆ ಊದಿಸಿದರು. 42 ಬಂತು. ಕುಡಿದದ್ದು ಒಂದೇ ಬಿಯರ್ ಅಂತಾನೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿ ಕೈತೊಳೆದುಕೋ ಅಂತ ಎಲ್ಲರೂ ಹೇಳ್ತಾರೆ. ಕೇಸ್ ನಡೆಸೋಕೆ ಆಗೋದೇ ಇಲ್ವಾ?

ಆಗುತ್ತದೆ. ಆದರೆ ಬಿಯರ್ ಲೆಕ್ಕ ಬಿಟ್ಟುಬಿಡಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿತು ಅಂದರೆ ಕುಡಿದು ಓಡಿಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಅನ್ವಯವಾಗುತ್ತದೆ. 'ನೆಟ್ಟಗೇ ಓಡಿಸ್ತಿದ್ದೆ ಸಾರ್' ಅನ್ನೋದು ಅಲ್ಲಿ ನಡೆಯಲ್ಲ.

ಹಾಗಾಗಿ ಜಗಳ ಏನಿದ್ದರೂ ಆ 42ರ ಜೊತೆ. ಯಂತ್ರ ನೋಡುವುದು ಉಸಿರನ್ನು, ರಕ್ತವನ್ನಲ್ಲ. ಉಸಿರಿನಿಂದ ರಕ್ತದ ಲೆಕ್ಕ ಅಂದಾಜು ಮಾಡುತ್ತದೆ. ಈಗಷ್ಟೇ ಕೊನೆಯ ಗುಟುಕು ಕುಡಿದಿದ್ದರೆ, ತೇಗಿದ್ದರೆ, ಕೆಲವು ಮೌತ್‌ವಾಶ್ ಬಳಸಿದ್ದರೂ ಬಾಯಲ್ಲಿ ಉಳಿದ ಆಲ್ಕೋಹಾಲ್ ಅಂಕಿಯನ್ನು ಜಾಸ್ತಿ ತೋರಿಸಬಹುದು. ಹದಿನೈದು ನಿಮಿಷದಲ್ಲಿ ಅದು ಹೋಗುತ್ತದೆ. ತಮ್ಮನನ್ನು ಕೇಳಿ: ಕುಡಿದು ಎಷ್ಟು ಹೊತ್ತಾಗಿತ್ತು? ಸ್ವಲ್ಪ ಬಿಟ್ಟು ಇನ್ನೊಮ್ಮೆ ಊದಿಸಿದರಾ?

ಆಮೇಲೆ ಯಂತ್ರ ಮುದ್ರಿಸಿಕೊಡುವ ಆ ಚೀಟಿ. ಬಸ್ ಟಿಕೆಟ್‌ನಂಥ ಉದ್ದನೆಯ ತೆಳು ಕಾಗದ. ಅದರಲ್ಲಿ ಹೆಸರು ಸರಿಯಿದೆಯೇ, ಸಮಯ ಎಷ್ಟು, ಯಂತ್ರದ ನಂಬರ್ ಇದೆಯೇ ನೋಡಿ. ಯಂತ್ರವನ್ನು ಕೊನೆಯ ಸಲ ಪರೀಕ್ಷಿಸಿ ಸರಿಹೊಂದಿಸಿದ್ದು ಯಾವಾಗ ಅಂತ ವಕೀಲರು ಕೋರ್ಟಿನಲ್ಲಿ ಕೇಳಬಹುದು. ಈ ಕಾಗದ ಬಿಸಿಲಿಗೆ ಮಾಸುತ್ತದೆ, ಬೈಕಿನ ಡಿಕ್ಕಿಯಲ್ಲಿಟ್ಟರೆ ಕೋರ್ಟಿಗೆ ಹೋಗುವಷ್ಟರಲ್ಲಿ ಬರೀ ಬಿಳಿ ಹಾಳೆ. ಇವತ್ತೇ ಝೆರಾಕ್ಸ್ ಮಾಡಿಸಿ.

ತಮ್ಮನನ್ನು ಬಂಧಿಸಿದ್ದರೆ, ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆ ಆಗಬೇಕು. ಆಗದಿದ್ದರೆ ಬಿಡಬೇಕು ಅನ್ನುತ್ತದೆ ಅದೇ ಕಾಯ್ದೆಯ 202ನೇ ಸೆಕ್ಷನ್. ಇಲ್ಲಿ ತುಂಬಾ ಜನ ಎಡವುತ್ತಾರೆ. ಬಿಡಬೇಕು ಅಂದರೆ ಠಾಣೆಯಿಂದ ಬಿಡಬೇಕು ಅಂತ, ಕೇಸ್ ಬಿದ್ದುಹೋಯಿತು ಅಂತಲ್ಲ. ಇನ್ನು, 'ಊದಲ್ಲ' ಅಂತ ಹಟ ಹಿಡಿಯುವ ಸಲಹೆ ಕೊಡುವ ಗೆಳೆಯರನ್ನು ದೂರ ಇಡಿ. ಸರಿಯಾದ ಕಾರಣವಿಲ್ಲದೆ ಊದದಿದ್ದರೆ ಅದೇ ಅವನಿಗೆ ಉರುಳಾಗಬಹುದು.

ತಪ್ಪೊಪ್ಪಿಕೊಂಡರೆ ಬೇಗ ಮುಗಿಯುತ್ತದೆ, ನಿಜ. ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ಮುಂದೆ ಮತ್ತೆ ಸಿಕ್ಕಿಬಿದ್ದರೆ ಅದು ಎರಡನೇ ತಪ್ಪು: 15,000 ರೂಪಾಯಿ ದಂಡ, ಎರಡು ವರ್ಷದವರೆಗೆ ಜೈಲು, ಅಥವಾ ಎರಡೂ. ಲೈಸೆನ್ಸ್ ಅಮಾನತಿನ ಕಿರಿಕಿರಿ ಬೇರೆ. ರಸ್ತೆಯಲ್ಲೇ ಕಟ್ಟಿ ಮುಗಿಸುವ ದಂಡವಂತೂ ಇದಲ್ಲ. ಸ್ಥಳದಲ್ಲೇ ಯಾರಾದರೂ ದುಡ್ಡು ಕೇಳಿದ್ದರೆ ಅದು ದಂಡ ಅಲ್ಲ, ಗೊತ್ತಲ್ವಾ.

ನನ್ನನ್ನು ಕೇಳಿದರೆ, 42 ಅನ್ನೋದು 30ಕ್ಕೆ ತೀರಾ ದೂರವೇನಲ್ಲ, ಚೀಟಿಯಲ್ಲಿ ನಿಜಕ್ಕೂ ಎಡವಟ್ಟು ಕಂಡರೆ ಕೇಸ್ ನಡೆಸಿ. 150 ಬಂದಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಲೇ ಇರಲಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಉಚಿತ ನೆರವು ಸಿಗುತ್ತದಾ ಅಂತ ಅಲ್ಲಿ ವಿಚಾರಿಸಿ. ಹೋಗುವಾಗ ಚೀಟಿ, ನೋಟಿಸು ಎರಡೂ ಕೈಯಲ್ಲಿರಲಿ.